ಹುಣಸೆಹಣ್ಣಿನಲ್ಲಿ ಬೆಳಗಿದ ಮುಚ್ಚಳ

ನಮ್ಮ ಟ್ರ್ಯಾಕ್ಟರಿನ ಡೀಸೆಲ್ ಪಂಪು ಕಚ್ಚಿಕೊಂಡದ್ದು ನನ್ನಿಂದ. ಕೆಲಸ ಕಳೆದುಕೊಂಡದ್ದು ಡ್ರೈವರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತಾ ಬರೆಯುತ್ತಾ ನನ್ನ ಪರವಾಗಿ ನಾನೇ ವಕಾಲತ್ತು ಶುರು ಮಾಡುತ್ತೇನೆ. ಆ ಚಾಳಿ ನನಗಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ವಸಂತಪುರದಲ್ಲಿ ನಮಗೆ ರಾಗಿ ಹೊಲ, ಒಂದು ಬಾವಿ, ಒಂದು ಹಳೇ ಟ್ರ್ಯಾಕ್ಟರ್ ಇದ್ದವು. ಟ್ರ್ಯಾಕ್ಟರ್ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅಪ್ಪನ ಕೈಗೆ ಬರುವಷ್ಟರಲ್ಲಿ ಇಬ್ಬರು ಯಜಮಾನರನ್ನು ಕಂಡಿತ್ತು. ಸುಗ್ಗಿಯಲ್ಲಿ ಹೊಲದ ಕೆಲಸ, ಉಳಿದ ದಿನ ಜೆ.ಪಿ. ನಗರ, ಬನಶಂಕರಿ ಕಡೆ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ, ಸೈಜುಗಲ್ಲಿನ ಲೋಡು. ಅದನ್ನು ಪಳಗಿಸಿಟ್ಟುಕೊಂಡಿದ್ದವರು ನಮ್ಮ ಡ್ರೈವರ್. ಊರಾಚೆ ಕಾಲೊನಿಯವರು, ಅಪ್ಪನಿಗಿಂತ ಐದಾರು ವರ್ಷ ಚಿಕ್ಕವರು. ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ಆಗ ಇಪ್ಪತ್ತರ ನಾನು ‘ಬಾರೋ, ಹೋಗೋ’ ಎನ್ನುತ್ತಿದ್ದೆ. ಮನೆಯಲ್ಲಿ ಯಾರಿಗೂ ಅದು ತಪ್ಪಾಗಿ ಕೇಳಿಸುತ್ತಿರಲಿಲ್ಲ.

ಆ ವರ್ಷ ಡ್ರೈವರ್ ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಆಯುಧಪೂಜೆಗೆ ಎರಡು ದಿನ ಇರುವಾಗ ಅವರು ಜಗಲಿಯ ಕೆಳಗೆ ನಿಂತು ಅಪ್ಪನಿಗೆ ಹೇಳಿದರು: “ಗೌಡ್ರೇ, ಗಾಡಿ ತೊಳ್ದು ಕೊಡ್ತೀನಿ. ಪೂಜೆ ಮಾತ್ರ ನೀವೇ ಮಾಡ್ಕೊಳ್ಳಿ. ನಾನೀಗ ಮಾಡಲ್ಲ.”

ಹಿಂದಿನ ವರ್ಷದವರೆಗೂ ಅವರು ಅಪ್ಪನನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದರು. ಅದು ‘ಗೌಡ್ರೇ’ ಆದದ್ದೇ ಅಪ್ಪನಿಗೆ ಚುಚ್ಚುತ್ತಿತ್ತು, ಅದರ ಮೇಲೆ ಇದು ಬೇರೆ.

“ಪೂಜೆ ಮಾಡಲ್ಲ ಅಂದ್ಮೇಲೆ ಗಾಡಿ ಮುಟ್ಟೋದೂ ಬೇಡ ಅವತ್ತು. ನಮ್ಮ ಹುಡುಗ ತೊಳೀತಾನೆ,” ಎಂದರು ಅಪ್ಪ.

ಹೊರಡುವಾಗ ಡ್ರೈವರ್ ನನ್ನನ್ನು ಪಕ್ಕಕ್ಕೆ ಕರೆದರು. “ಚಿಕ್ಕಗೌಡ್ರೇ, ಡೀಸೆಲ್ ಟ್ಯಾಂಕ್ ಮುಚ್ಚಳ ಲೂಸೈತೆ. ಪ್ಲಾಸ್ಟಿಕ್ ಕಟ್ಬಿಟ್ಟು ನೀರು ಬಿಡಿ.” ನನಗೆ ನಗು ಬಂತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ಡೀಸೆಲ್ ಎಂಜಿನ್ನಿನ ಚಿತ್ರ ಬರೆದು, ಭಾಗಗಳ ಹೆಸರು ಹಾಕಿ, ಮೇಷ್ಟರಿಂದ ಶಭಾಷ್ ಅನ್ನಿಸಿಕೊಂಡವನಿಗೆ ಇವನು ಪಾಠ ಹೇಳುತ್ತಾನಲ್ಲ ಎಂದುಕೊಂಡೆ.

ಹಬ್ಬದ ಬೆಳಿಗ್ಗೆ ಅವ್ವ ಬಾವಿಕಟ್ಟೆಯಲ್ಲಿ ಕೂತು ದೀಪದ ಕಂಬ, ಹರಿವಾಣ, ಗಂಟೆಗಳನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದಳು. ನಮ್ಮ ಟ್ಯಾಂಕಿನ ಮುಚ್ಚಳವೂ ಹಿತ್ತಾಳೆಯದು. “ಅದನ್ನೂ ಕೊಡೋ, ಕಪ್ಪಾಗೈತೆ,” ಎಂದಳು. ಬಿಚ್ಚಿ ಕೊಟ್ಟೆ. ಟ್ಯಾಂಕಿನ ಬಾಯಿಗೆ ಒಂದು ಹಳೇ ಬನಿಯನ್ ತುರುಕಿ, ಬಾವಿಯ ಪಂಪ್‌ಸೆಟ್ಟಿನ ಪೈಪು ಹಿಡಿದು, ಎಮ್ಮೆ ಮೈ ತೊಳೆಯುವ ಹಾಗೆ ಮೇಲಿಂದ ನೀರು ಬಿಟ್ಟೆ. ಬನಿಯನ್ ತೊಪ್ಪೆಯಾದದ್ದು ಕಂಡೆ. ಹಿಂಡಿ ಮತ್ತೆ ಅಲ್ಲಿಗೇ ತುರುಕಿದೆ. ಕಂಡೆ ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಗೊತ್ತಿಲ್ಲದೆ ಆದದ್ದಲ್ಲ ಅದು.

ಮುಚ್ಚಳ ಬಂಗಾರದ ಹಾಗೆ ಹೊಳೆಯುತ್ತಾ ವಾಪಸು ಬಂತು. ಅದಕ್ಕೆ ಅರಿಶಿನ ಕುಂಕುಮ ಇಟ್ಟೆವು, ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿದೆವು. ನಾನೇ ನಾಲ್ಕು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಊರು ಸುತ್ತಿ ಬಂದೆ. ಆಮೇಲೆ ಮಳೆ ಹಿಡಿಯಿತು, ಇಟ್ಟಿಗೆ ಗೂಡುಗಳು ನಿಂತವು, ಟ್ರ್ಯಾಕ್ಟರ್ ಮೂರು ವಾರ ಕೊಟ್ಟಿಗೆಯಲ್ಲೇ ಉಳಿಯಿತು.

ರಾಗಿ ಕುಯ್ಲಿನ ಹೊತ್ತಿಗೆ ನೋಡಿದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಡ್ರೈವರ್ ಮೊದಲು ನೋಡಿದ್ದು ಹೊಗೆಕೊಳವೆಯನ್ನು. “ಹೊಗೇನೇ ಬರ್ತಿಲ್ಲ. ಎಣ್ಣೆ ಒಳಕ್ಕೆ ಹೋಗ್ತಿಲ್ಲ.” ಫಿಲ್ಟರಿನ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟರು, ಅಲ್ಲಿಯವರೆಗೆ ಡೀಸೆಲ್ ಬರುತ್ತಿತ್ತು. ಎಂಜಿನ್ನಿಗೆ ಹೋಗುವ ನಾಲ್ಕು ಸಣ್ಣ ಪೈಪುಗಳ ನಟ್ಟು ಸಡಿಲಿಸಿ ನನಗೆ ಸ್ಟಾರ್ಟರ್ ಒತ್ತಲು ಹೇಳಿದರು. ಒಂದರಲ್ಲೂ ಹನಿ ಇಲ್ಲ. ಇವೆರಡರ ನಡುವೆ ಇರುವುದು ಪಂಪು. ಅದರ ಪಕ್ಕದ ತಗಡು ಬಿಚ್ಚಿದರು. ಒಳಗೆ ಬೆರಳುದ್ದದ ನಾಲ್ಕು ಉಕ್ಕಿನ ಕಡ್ಡಿಗಳು. ಅವು ಮೇಲೆ ಕೆಳಗೆ ಆಡಿ ಡೀಸೆಲನ್ನು ಒತ್ತಿ ಕಳಿಸಬೇಕು. ನಾಲ್ಕೂ ಮೇಲೆ ಹೋದಲ್ಲೇ ಕಚ್ಚಿಕೊಂಡಿದ್ದವು.

ಡ್ರೈವರ್ ಟ್ಯಾಂಕಿನ ತಳದ ಸ್ಕ್ರೂ ತೆಗೆದು ಒಂದು ಗಾಜಿನ ಬಾಟಲಿ ಹಿಡಿದರು. ಸ್ವಲ್ಪ ಹೊತ್ತಿಗೆ ಬಾಟಲಿಯಲ್ಲಿ ಡೀಸೆಲ್ ಮೇಲೆ, ನೀರು ಕೆಳಗೆ ಬೇರೆಬೇರೆಯಾಗಿ ನಿಂತವು. ನೀರಿನಲ್ಲಿ ಬಿಳಿ ನೂಲಿನ ಒಂದು ಎಳೆ ಇತ್ತು. ಅವರು ಅದನ್ನು ನೋಡಿದರು, ಬೆಳಗಿದ ಮುಚ್ಚಳವನ್ನು ನೋಡಿದರು, ನನ್ನನ್ನು ನೋಡಿದರು. ಬಾಟಲಿಯನ್ನು ಕಿಟಕಿಯಲ್ಲಿಟ್ಟು ಕೆಲಸಕ್ಕೆ ಕೂತರು.

ಎರಡು ದಿನ ಸೀಮೆಎಣ್ಣೆ ಬಿಟ್ಟು ನೆನೆಸಿದರು, ಸ್ಕ್ರೂಡ್ರೈವರಿನ ತುದಿಯಿಂದ ಕೂದಲೆಳೆಯಷ್ಟು ಮೀಟಿದರು, ಮತ್ತೆ ನೆನೆಸಿದರು. ಸುತ್ತಿಗೆಯಲ್ಲಿ ಎರಡು ಕೊಡೋಣ ಎಂದೆ ನಾನು. “ಗೀರು ಬಿದ್ರೆ ಗುಜರಿಗೇ ಹಾಕ್ಬೇಕು. ತಾಳ್ಮೆ ಇರ್ಲಿ,” ಎಂದರು. ಮೂರು ಬಿಟ್ಟುಕೊಂಡವು. ನಾಲ್ಕನೆಯದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಆಗ ಅಪ್ಪ ಇಬ್ಬರು ನೆಂಟರ ಜೊತೆ ಕೊಟ್ಟಿಗೆಗೆ ಬಂದರು.

“ಏನಾಗಿದೆ?”

“ಎಣ್ಣೇಲಿ ನೀರು ಸೇರೈತೆ ಗೌಡ್ರೇ. ತುಕ್ಕು ಹಿಡ್ದು ಕಚ್ಕೊಂಡೈತೆ,” ಎಂದರು ಡ್ರೈವರ್.

“ಎಣ್ಣೆ ತುಂಬ್ಸೋನು ಯಾರು?”

“ನಾನೇ.”

“ಹಬ್ಬದ ದಿನ ಕೈ ಮುಗೀದೋನ ಕೈಗೆ ಗಾಡಿ ಕೊಟ್ರೆ ಹಿಂಗೇ ಆಗೋದು. ನಾಳೆಯಿಂದ ಬರ್ಬೇಡ ನೀನು.”

ಡ್ರೈವರ್ ನನ್ನ ಕಡೆ ತಿರುಗಿದರು. ನಿಂತು ಕಾದರು. ಬಾಟಲಿ ನನ್ನ ಕೈಗೆಟುಕುವ ಹಾಗೆ ಕಿಟಕಿಯಲ್ಲೇ ಇತ್ತು, ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಬಗ್ಗಿ ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸತೊಡಗಿದೆ. ಅಪ್ಪ ಹೊಡೆಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ಡಿಪ್ಲೊಮಾ ಓದುವವನಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನೆಂಟರು ನಕ್ಕಾರು ಎನ್ನುವುದಷ್ಟೇ ನನ್ನ ಹೆದರಿಕೆ. ಅಂಥ ಚಿಲ್ಲರೆ ಅವಮಾನ ತಪ್ಪಿಸಿಕೊಳ್ಳಲು ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆ.

ಅವರು ಗಾಡಿಯ ಕೀಯನ್ನು ಅಪ್ಪನಿಗೆ ಕೊಡಲಿಲ್ಲ, ನನಗೆ ಕೊಟ್ಟರು. “ಇನ್ನೊಂದಿನ ಸೀಮೆಎಣ್ಣೇಲಿ ಬಿಡಿ, ಬಿಟ್ಕೊಳ್ಳುತ್ತೆ,” ಎಂದು ಹೇಳಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು. ನಾನು ಬಾಟಲಿಯನ್ನು ತಿಪ್ಪೆಗೆ ಸುರಿದೆ.

ಮರುದಿನ ನಾಲ್ಕನೆಯ ಕಡ್ಡಿಯೂ ಬಿಟ್ಟುಕೊಂಡಿತು. ಎಂಜಿನ್ ಡುಗುಡುಗು ಎಂದಾಗ ಅಪ್ಪನ ಮುಖ ನೋಡಬೇಕಿತ್ತು. “ನಮ್ಮ ಹುಡುಗ ಒಂದೇ ದಿನಕ್ಕೆ ರೆಡಿ ಮಾಡ್ದ” ಎಂದು ಊರೆಲ್ಲ ಹೇಳಿಕೊಂಡು ಬಂದರು. ಆ ಹೆಸರನ್ನೂ ನಾನೇ ಇಟ್ಟುಕೊಂಡೆ.

ಏಳೆಂಟು ವರ್ಷ ಕಳೆದವು. ಪಂಪು ಮತ್ತೆ ಕೈಕೊಟ್ಟಿತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಮಡಿವಾಳಕ್ಕೆ ತೆಗೆದುಕೊಂಡು ಹೋದೆ. ಅಲ್ಲಿನ ಲಾರಿ ಮೆಕ್ಯಾನಿಕ್ ಒಳಗೆ ಇಣುಕಿ ನೋಡಿ, “ಸಾರ್, ಇಷ್ಟು ಹಳೇದು ನಮ್ಮ ಕೈಲಾಗಲ್ಲ. ಸುದ್ದಗುಂಟೆಪಾಳ್ಯದಲ್ಲಿ ಒಬ್ರು ಇದಾರೆ, ಸಖತ್ ಕೈ ಅವರ್ದು,” ಎಂದು ದಾರಿ ಹೇಳಿದ.

ತಗಡಿನ ಶೆಡ್ಡು. ಗೋಡೆಯಲ್ಲಿ ಬುದ್ಧನ ಪಟ. ಕನ್ನಡಕ ಹಾಕಿಕೊಂಡು ಕೂತಿದ್ದವರು ನಮ್ಮ ಡ್ರೈವರ್. ಅವರು ಮೊದಲು ಗುರುತು ಹಿಡಿದದ್ದು ಪಂಪನ್ನು, ಆಮೇಲೆ ನನ್ನನ್ನು. ಸ್ಟೂಲು ಎಳೆದು ಕೊಟ್ಟರು, ಟೀ ತರಿಸಿದರು. ಅವರ ಬೆರಳು ಪಂಪಿನ ಸ್ಪ್ರಿಂಗು, ಕಡ್ಡಿಗಳ ನಡುವೆ ಓಡಾಡುವುದನ್ನು ನೋಡುತ್ತಾ ಟೀ ಲೋಟ ಕೆಳಗಿಟ್ಟೆ.

“ಅವತ್ತು ಮುಚ್ಚಳ ಬಿಚ್ಚಿ ನೀರು ಬಿಟ್ಟಿದ್ದು ನಾನು,” ಎಂದೆ. “ತಪ್ಪಾಯ್ತು ಅಣ್ಣ. ನೀವು ಹೇಳಿದ್ರಿ, ನಾನು ಕೇಳಲಿಲ್ಲ.”

ಅವರು ತಲೆಯೆತ್ತಲಿಲ್ಲ. “ನಂಗೆ ಗೊತ್ತಿತ್ತಲ್ಲ ಅದು. ನಿಮ್ಮಪ್ಪಾರಿಗೆ ಹೇಳಿದ್ರಾ?”

“ಇಲ್ಲ.”

“ಗೊತ್ತಿಲ್ದೆ ಇರೋರಿಗೆ ಹೇಳ್ಬೇಕು ಚಿಕ್ಕಗೌಡ್ರೇ. ಕಾಲೊನೀಲಿ ನಮ್ಮವ್ವ ಸಾಯೋಗಂಟ ಕೇಳ್ತಿದ್ಲು, ದೀಕ್ಷೆ ತಗೊಂಡಿದ್ಕೇ ಹಿಂಗಾಯ್ತೇನೋ ಅಂತ.” ಪಂಪನ್ನು ಅದೇ ಗೋಣಿಯಲ್ಲಿ ಅಚ್ಚುಕಟ್ಟಾಗಿ ಕಟ್ಟಿ ನನ್ನ ಕೈಗಿಟ್ಟರು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಪಂಪನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಎರಡೇ ವಾಕ್ಯ, ಕಷ್ಟದ್ದೇನಲ್ಲ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಗೋಣಿ ಬಿಚ್ಚಿ ಪಂಪನ್ನು ತಿರುಗಿಸಿ ನೋಡಿದರು.

“ಒಳ್ಳೆ ಕೆಲಸಗಾರ ಕಣೋ. ಯಾರು ಮಾಡಿದ್ದು?”

“ಯಾರೋ ಮಡಿವಾಳದೋನು,” ಎಂದೆ.