ಅಕ್ಕ ಕೊಲ್ಲಲೊಲ್ಲದ ಅಜ್ಜಿ

ಇದುವರೆಗೆ ನಾನು ಮೂವತ್ತೊಂದು ಸಲ ಸತ್ತಿದ್ದೇನೆ. ಹೆಚ್ಚಿನ ಸಲ ಅಡುಗೆಮನೆಯ ನೆಲದ ಮೇಲೆ, ಎರಡು ಸಲ ಬಚ್ಚಲಲ್ಲಿ, ಒಂದು ಸಲ ಬಟ್ಟೆಯ ಬೀರುವಿನೊಳಗೆ ಮುದುರಿಕೊಂಡು. ಪ್ರತಿ ಸಲವೂ ಕೊಂದವಳು ಒಡಹುಟ್ಟಿದ ಅಕ್ಕ. ಅವಳು ಪತ್ತೇದಾರಿ ಕಾದಂಬರಿ ಬರೆಯುತ್ತಾಳೆ. ಹೆಣ ಹೇಗೆ ಬಿದ್ದಿತ್ತು, ಬಾಗಿಲಲ್ಲಿ ನಿಂತವರಿಗೆ ಮೊದಲು ಏನು ಕಾಣುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ಒಂದು ಸಾಲೂ ಬರೆಯುವವಳಲ್ಲ. ಭಾನುವಾರ ಊಟ ಮುಗಿಸಿ ಸ್ವಲ್ಪ ಅಡ್ಡಾಗೋಣ ಎಂದರೆ, "ಅಡ್ಡಾಗೋದಾದ್ರೆ ಇಲ್ಲೇ ಬೀಳು" ಎಂದು ಮೇಜಿನ ಪಕ್ಕ ಜಾಗ ತೋರಿಸುತ್ತಾಳೆ. ಕೆಮ್ಮಿದರೆ ಮುಗಿಯಿತು.

"ಸತ್ತೋರು ಕೆಮ್ಮಲ್ಲ ಕಣೇ."

ಅಕ್ಕನ ಹೊಟ್ಟೆಪಾಡು ಬೇರೆ. ಇಪ್ಪತ್ತಾರು ವರ್ಷದಿಂದ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದಾಳೆ. ಕೋಟು ಬಂದರೆ ಜೇಬು ತಡಕಬೇಕು, ಕಲೆ ಹುಡುಕಬೇಕು, ಚೀಟಿ ಬರೆದು ಪಿನ್ನು ಚುಚ್ಚಬೇಕು. ಕಾದಂಬರಿಯೂ ಹುಟ್ಟುವುದು ಅದೇ ಚೀಟಿಗಳ ಹಿಂಬದಿಯಲ್ಲಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ತುಟಿ ಅಲ್ಲಾಡಿಸುತ್ತಾ ಬರೆಯುತ್ತಾಳೆ, ಏಪ್ರನ್ನಿಗೆ ಸಿಕ್ಕಿಸಿಕೊಳ್ಳುತ್ತಾಳೆ, ಸಂಜೆ ಮನೆಗೆ ಬಂದು ನನ್ನ ಮುಂದೆ ಸುರಿಯುತ್ತಾಳೆ. ಟೈಪು ಮಾಡುವುದು ನನ್ನ ಕರ್ಮ. ಎಷ್ಟೇ ಬೈದುಕೊಂಡರೂ ಮುಂದೇನಾಯಿತು ಎಂದು ತಿಳಿಯದೆ ಮಲಗಿದವಳಲ್ಲ ನಾನು.

ಅವಳ ಪತ್ತೇದಾರಿಣಿ ಇಸ್ತ್ರಿ ಅಜ್ಜಿ. ಅರವತ್ತೆಂಟು ವರ್ಷ, ಬಟ್ಟೆ ಇಸ್ತ್ರಿ ಮಾಡುವ ಕೆಲಸ, ಮಂಡಿನೋವು, ಹಾಳು ಬಾಯಿ. ಬಟ್ಟೆ ನೋಡಿ ಕೊಲೆಗಾರನನ್ನು ಹಿಡಿಯುತ್ತಾಳೆ. ಮೊದಲ ಪುಸ್ತಕದಲ್ಲಿ ಆಸಾಮಿಯೊಬ್ಬ ರಕ್ತದ ಅಂಗಿಯನ್ನು ಬಿಸಿನೀರಿನಲ್ಲಿ ಒಗೆದು ಸಿಕ್ಕಿಬಿದ್ದ. ಬಿಸಿನೀರು ತಾಗಿದರೆ ರಕ್ತದ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ ಎಂಬುದು ಅಂಗಡಿಯಲ್ಲಿ ಕಲಿತ ವಿದ್ಯೆ. ದೊಡ್ಡಕ್ಕನ ಗಂಡ, ನಮ್ಮ ಭಾವ, ಪ್ರತಿ ಮದುವೆಮನೆಯಲ್ಲೂ ಮೂಗು ಮುರಿದು, "ಒಳ್ಳೇ ಸಾಹಿತ್ಯ ಯಾವಾಗ ಬರೀತೀಯಮ್ಮ?" ಎಂದು ಕೇಳುತ್ತಾರೆ. ಅಕ್ಕ ಒಮ್ಮೆ ತಟ್ಟೆಯಿಂದ ತಲೆಯೆತ್ತದೆ, "ಹೋದ ಪುಸ್ತಕದಲ್ಲಿ ಕೊಲೆ ಮಾಡಿದ್ದು ಯಾರು ಭಾವ?" ಎಂದಳು. ಭಾವ ಥಟ್ಟನೆ ಉತ್ತರ ಹೇಳಿ ನಾಲಿಗೆ ಕಚ್ಚಿಕೊಂಡರು. ಪಂಕ್ತಿಯೆಲ್ಲ ನಕ್ಕಿತು.

ಮೂವತ್ತೆರಡನೆಯ ಪುಸ್ತಕ ಶುರುವಾದಾಗ ಪ್ರಕಾಶಕರು ಕರೆಸಿಕೊಂಡರು. ನಾನೂ ಜೊತೆಗೆ ಹೋಗಿದ್ದೆ.

"ನೋಡಿ ಮೇಡಂ, ಅಜ್ಜಿಗೆ ವಯಸ್ಸಾಯ್ತು. ಇದರಲ್ಲಿ ಅವಳನ್ನ ಮುಗಿಸಿಬಿಡಿ. ಅವಳ ಕೊಲೆಗಾರನ್ನ ಹಿಡಿಯೋಕೆ ಒಬ್ಬ ಯುವ ಇನ್ಸ್‌ಪೆಕ್ಟರ್ ಬರಲಿ. ಮುಂದೆ ಎಲ್ಲಾ ಅವನದ್ದೇ ಕತೆ."

"ನಾನು ಒಪ್ಪದಿದ್ರೆ?"

"ನಾವು ಅಚ್ಚು ಹಾಕಲ್ಲ, ಅಷ್ಟೇ."

ನನ್ನ ಪಿತ್ತ ನೆತ್ತಿಗೇರಿತು. ಅಕ್ಕ ಮಾತ್ರ ಚೀಲ ಎತ್ತಿಕೊಂಡು ಎದ್ದಳು. ಬರೆದದ್ದು ಅಚ್ಚಾಗದೆ ಉಳಿದರೆ ಅವಳು ಅರ್ಧ ಸತ್ತಂತೆ, ನನಗೆ ಗೊತ್ತು. ಆ ಭಾನುವಾರ ನನ್ನನ್ನು ಮೆಟ್ಟಿಲ ಬುಡದಲ್ಲಿ ಅಜ್ಜಿಯಾಗಿ ಮಲಗಿಸಿದಳು. ಮೇಲೆ ನಿಂತು ತುಂಬ ಹೊತ್ತು ನೋಡಿದಳು. ಒಂದು ಸಾಲೂ ಬರೆದುಕೊಳ್ಳಲಿಲ್ಲ.

"ಏಳು, ನೆಲ ತಣ್ಣಗಿದೆ" ಎಂದಳು. ಮೂವತ್ತೊಂದು ಸಾವಿನಲ್ಲಿ ಒಮ್ಮೆಯೂ ನೆಲದ ತಣುಪು ಅವಳಿಗೆ ನೆನಪಾಗಿರಲಿಲ್ಲ.

ಮನಸ್ಸು ನೆಟ್ಟಗಿಲ್ಲದಾಗ ಕೈ ತಪ್ಪುತ್ತದೆ. ಮರುದಿನ ಗಿರಾಕಿಯೊಬ್ಬರ ಕೋಟಿಗೆ ಲೆಕ್ಕದ ಚೀಟಿಯ ಬದಲು ಏಪ್ರನ್ನಿನ ಚೀಟಿ ಚುಚ್ಚಿ ಕೊಟ್ಟುಬಿಟ್ಟಳು. ಎರಡು ದಿನ ಕಳೆದು, ಊರುಗೋಲು ಹಿಡಿದ ಒಬ್ಬ ಮುದುಕಿ ಅಂಗಡಿಗೆ ಬಂದರು. ಅಕ್ಕನ ಊಟದ ಡಬ್ಬಿ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಮುದುಕಿ ಚೀಟಿಯನ್ನು ಕೌಂಟರಿನ ಮೇಲೆ ಕುಟ್ಟಿದರು.

"ನನ್ನ ಮೊಮ್ಮಗನ ಕೋಟಲ್ಲಿತ್ತು. ಓದು."

ಅಕ್ಕನ ಅಕ್ಷರ. *ಬುಧವಾರದೊಳಗೆ ಅಜ್ಜಿಯನ್ನು ಮುಗಿಸಬೇಕು. ಮೆಟ್ಟಿಲಿಂದ ತಳ್ಳಿದರೆ ಸಾಕು, ಯಾರಿಗೂ ಅನುಮಾನ ಬರುವುದಿಲ್ಲ.*

"ನಮ್ಮನೇಲಿ ಇರೋ ಅಜ್ಜಿ ನಾನೊಬ್ಬಳೇ" ಎಂದರು ಮುದುಕಿ. "ಎರಡು ದಿನದಿಂದ ಮಹಡಿ ಹತ್ತಿಲ್ಲ. ಮೊಮ್ಮಗ ಕಾಫಿ ಕೊಟ್ರೆ ಗಿಡಕ್ಕೆ ಸುರೀತಿದೀನಿ."

ಅಕ್ಕ ಕೈ ಮುಗಿದಳು. ನಾನು ನಗು ತಡೆಯಲಾರದೆ ಇಸ್ತ್ರಿ ಮೇಜಿನ ಹಿಂದೆ ಹೋದೆ. ಎಲ್ಲ ಬಿಡಿಸಿ ಹೇಳಿದ ಮೇಲೆ ಮುದುಕಿಯ ಉಸಿರು ಹತೋಟಿಗೆ ಬಂತು. ಆದರೆ ಅವರು ಹೊರಡಲಿಲ್ಲ.

"ಏನು ತಪ್ಪು ಮಾಡಿದ್ಲು ಆ ಅಜ್ಜಿ?"

"ಏನೂ ಇಲ್ಲ ಅಮ್ಮ. ವಯಸ್ಸಾಯ್ತಂತೆ."

"ವಯಸ್ಸಾಯ್ತು ಅಂತ ತಳ್ಳಿಬಿಡೋದಾ? ನೀನು ತಳ್ತೀಯಾ?"

ಅಕ್ಕ ಚೀಟಿಯನ್ನು ಕೈಗೆತ್ತಿಕೊಂಡಳು. ಅವಳ ಪುಸ್ತಕದಲ್ಲಿ ಕಾರಣವಿಲ್ಲದೆ ಯಾರೂ ಸತ್ತಿರಲಿಲ್ಲ. ಆಸ್ತಿಯೋ, ಹೊಟ್ಟೆಕಿಚ್ಚೋ, ಹಳೆಯ ಸೇಡೋ ಇರಲೇಬೇಕು. ಮುದುಕಿ ಹೋದ ಮೇಲೆ ಚೀಟಿಯನ್ನು ಚೂರುಚೂರು ಮಾಡಿದಳು.

"ಅವಳನ್ನ ಕೊಲ್ಲೋದಕ್ಕೆ ಕಾರಣ ಇರೋದು ಪ್ರಕಾಶಕರಿಗೆ, ನನಗಲ್ಲ" ಎಂದಳು. ಐವತ್ತಾರು ವರ್ಷದ ಅಕ್ಕ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಮೂರು ತಿಂಗಳಲ್ಲಿ ಪುಸ್ತಕ ಮುಗಿಯಿತು. ಅದರಲ್ಲಿ ಅಜ್ಜಿಯನ್ನು ಯಾರೋ ಮೆಟ್ಟಿಲಿಂದ ತಳ್ಳುತ್ತಾರೆ. ಅವಳು ಕಂಬಿ ಹಿಡಿದು ನಿಲ್ಲುತ್ತಾಳೆ, ತಳ್ಳಿದವನ ಅಂಗಿಯ ಗುಂಡಿ ಅವಳ ಇನ್ನೊಂದು ಕೈಯಲ್ಲಿರುತ್ತದೆ. ಪ್ರಕಾಶಕರು ಕೊನೆಯ ಪುಟ ಓದಿ ಕಟ್ಟನ್ನು ಮೇಜಿನ ಈಚೆಗೆ ಸರಿಸಿದರು. ಅಕ್ಕ ಎತ್ತಿಕೊಂಡು ಬಂದಳು. ದಾರಿಯಲ್ಲಿ ಅತ್ತವಳು ನಾನು, ಅವಳಲ್ಲ.

ಸೋಮವಾರ ಮೊದಲ ಅಧ್ಯಾಯವನ್ನು ಜೆರಾಕ್ಸ್ ಮಾಡಿಸಿ, ಗಿರಾಕಿಗಳಿಗೆ ಕೊಡುವ ಒಂದೊಂದು ಕೋಟಿಗೂ ಒಂದೊಂದು ಪ್ರತಿ ಚುಚ್ಚಿದಳು. ಈ ಸಲ ಬೇಕೆಂದೇ. ಕೆಳಗೆ ಒಂದೇ ಸಾಲು: ಎರಡನೆಯದು ಮುಂದಿನ ಬಟ್ಟೆಯ ಜೊತೆ. ಅಂಗಡಿಯ ಯಜಮಾನರು ಕಣ್ಣು ಕೆಂಪು ಮಾಡಿದರು, "ಇದೇನು ಅಂಗಡಿನಾ, ಲೈಬ್ರರಿನಾ?" ಎಂದು ಕೂಗಾಡಿದರು, ಒಂದು ಪ್ರತಿಯನ್ನು ಕಿತ್ತುಕೊಂಡು ಒಳಗೆ ಹೋದರು. ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ.

ಬುಧವಾರ ನಾನು ಡಬ್ಬಿ ಹಿಡಿದು ಹೋದಾಗ ಬಾಗಿಲವರೆಗೂ ಸಾಲಿತ್ತು. ಎಲ್ಲರಿಗಿಂತ ಮುಂದೆ ಊರುಗೋಲಿನ ಮುದುಕಿ. ಮೊಮ್ಮಗನ ಕೋಟನ್ನು ಕೌಂಟರಿಗೆ ಎಸೆದರು. ಸೋಮವಾರ ಅಕ್ಕನೇ ಹಾಕಿ ಕೊಟ್ಟ ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

"ತುಂಬಾ ಕೊಳೆಯಾಗಿದೆ" ಎಂದರು, ಮುಖ ಗಂಟಿಕ್ಕಿಕೊಂಡು. ಆಮೇಲೆ ದನಿ ತಗ್ಗಿಸಿ, "ಅಜ್ಜಿ ಬದುಕಿದಾಳೆ ತಾನೇ?"

ಅಕ್ಕ ಕೋಟನ್ನು ಬಿಡಿಸಿ, ಇಲ್ಲದ ಕೊಳೆಯನ್ನು ಹುಡುಕುತ್ತಾ, ಚೀಟಿ ಬರೆದಳು.

"ಬದುಕಿದಾಳಮ್ಮ. ಮೆಟ್ಟಿಲು ಹತ್ತುತ್ತಾ ಇದಾಳೆ."

"ನಾನೂ ಮಹಡಿ ಹತ್ತಿದೆ ಇವತ್ತು" ಎಂದರು ಮುದುಕಿ, ಎರಡನೆಯ ಅಧ್ಯಾಯಕ್ಕೆ ಕೈ ಚಾಚುತ್ತಾ.