ಅಪ್ಪ ತಿದ್ದಿದ ಟೈಪ್‌ರೈಟರು

ಮಿಡಿಗೇಶಿಗೆ ಇದ್ದಿಲಿನ ಬಸ್ಸು ಬರುತ್ತಿದ್ದ ಕಾಲ. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದಿದ್ದ ಒಲೆಗೆ ಇದ್ದಿಲು ತುಂಬಿ ಊದಿದರೆ ಬೀದಿಯೆಲ್ಲ ಹೊಗೆಯಾಗುತ್ತಿತ್ತು. ಅವರೆಕಾಯಿ ಸುಗ್ಗಿಯ ಒಂದು ಸಂಜೆ ಆ ಹೊಗೆಯೊಳಗಿಂದ ನಮ್ಮಪ್ಪ ತಲೆಯ ಮೇಲೆ ಗೋಣಿಯ ಗಂಟು ಹೊತ್ತು ಇಳಿದರು. ಗಂಟಿನಲ್ಲಿ ಸಿರಾದ ಹರಾಜಿನಲ್ಲಿ ಕೂಗಿ ತಂದ ಹಳೇ ಟೈಪ್‌ರೈಟರು ಇತ್ತು.

ಅಪ್ಪ ಊರಿನ ಶಾಲೆಯ ಮೇಷ್ಟ್ರು. ಅಮ್ಮ, ಗಂಗಕ್ಕ, ನಾನು ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದೆವು. ಕಾಳಿನ ಸೊಗಡಿನ ನಡುವೆ ಆ ಮಿಷನ್ನು ಎಣ್ಣೆ, ತುಕ್ಕು, ಒಣಗಿದ ಶಾಯಿಯ ವಾಸನೆ ಬೀರುತ್ತಾ ಕೂತಿತು.

ಅದು ಬಂದದ್ದು ಗಂಗಕ್ಕನಿಗಾಗಿ. ಅವಳಿಗಾಗ ಹದಿನಾರು, ನನಗೆ ಒಂಬತ್ತು. ಹೆಂಡತಿ ಸತ್ತು ಎರಡು ಮಕ್ಕಳೊಡನೆ ಉಳಿದಿದ್ದ ಪಾವಗಡದ ಕಡೆಯ ನಮ್ಮ ಸೋದರಮಾವ ಅಕ್ಕನನ್ನು ಕೇಳಿದ್ದ. ಅಮ್ಮ ಒಳಗೊಳಗೇ ಒಪ್ಪಿದ್ದಳು. ಅಪ್ಪನಿಗೆ ಮನಸ್ಸಿರಲಿಲ್ಲ. ಮಧುಗಿರಿಯ ಕಚೇರಿಯೊಂದರಲ್ಲಿ ಟೈಪು ಬಲ್ಲವರನ್ನು ಆರಿಸುತ್ತಾರಂತೆ, ಹೆಣ್ಣುಮಕ್ಕಳಾದರೂ ಸರಿಯಂತೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ನನ್ ಮಗ್ಳು ಕುರ್ಚಿ ಮ್ಯಾಲೆ ಕುಂತು ಕೆಲ್ಸ ಮಾಡ್ತಾಳೆ. ಕೆಲ್ಸ ಸಿಕ್ತು ಅಂದ್ರೆ ಮದ್ವೆ ಮಾತು ಬುಟ್ಬುಡು," ಎಂದರು ಅಮ್ಮನಿಗೆ.

ದೀಪ ಹತ್ತಿರ ತಂದು ಮಿಷನ್ನು ನೋಡಿದ ಅಪ್ಪನ ಮುಖ ಗಂಟಾಯಿತು. "ಇದೇನಿದು, ಎ ಪಕ್ಕದಾಗೆ ಎಸ್ಸು ಕುಂತೈತೆ! ಬಿ ಎಲ್ಲೋ ತಳದಾಗೆ ಬಿದ್ದೈತೆ. ನಮ್ಮ ಅಕ್ಷರ ನೋಡು, ಗಂಟಲಿಂದ ಸುರುವಾಗಿ ತುಟಿ ತಂಕ ಸಾಲಾಗಿ ಬತ್ತವೆ. ಇವ್ರಿಗೆ ಎ ಬಿ ಸಿ ಡಿ ಆದ್ರೂ ನೆಟ್ಟಗೆ ಜೋಡ್ಸಕ್ಕೆ ಬರಾಕಿಲ್ವಾ?"

"ಎಲ್ಲಾ ಮಿಷನ್ನೂ ಇಂಗೇ ಇರ್ತಾವೇನಪ್ಪಾ?" ಎಂದಳು ಅಕ್ಕ.

"ಇದ್ರೆ ಇರ್ಲಿ ಬುಡು. ನಾಕ್ ಜನ ತಪ್ಪು ಬರುದ್ರು ಅಂತ ನಾವೂ ತಪ್ಪು ಬರೆಯಾನಾ?"

ಮಾರನೆಯ ದಿನವೇ ಮಿಷನ್ನು ಅಕ್ಕಸಾಲಿ ವೀರಾಚಾರಿಯ ಮನೆಗೆ ಹೋಯಿತು. ಅವರು ಊದುಗೊಳವೆಯಿಂದ ಕೆಂಡ ಊದಿ, ಅಕ್ಷರ ಹೊತ್ತ ಕಡ್ಡಿಗಳ ತುದಿಯ ಬೆಸುಗೆ ಬಿಡಿಸಿ, ಒಂದೊಂದೇ ಅಕ್ಷರವನ್ನು ಚಿಮುಟದಲ್ಲಿ ಎತ್ತಿ ಅಪ್ಪ ಹೇಳಿದ ಜಾಗದಲ್ಲಿ ಮತ್ತೆ ಬೆಸೆದರು. ಗುಂಡಿಗಳನ್ನೂ ಹಾಗೇ ಬದಲಿಸಿದರು. ಮಿಷನ್ನು ಮನೆಗೆ ಬಂದಾಗ ಮೇಲಿನ ಸಾಲಿನಲ್ಲಿ ಎ ಇಂದ ಜೆ ತನಕ ಅಕ್ಷರಗಳು ಶಾಲೆಯ ಹುಡುಗರಂತೆ ಸಾಲಾಗಿ ನಿಂತಿದ್ದವು. ಅಪ್ಪ ಇಡೀ ಶಾಲೆಯನ್ನೇ ಕರೆತಂದು ತೋರಿಸಿದರು. ನಾನಂತೂ ಬೀಗಿಹೋದೆ.

ಅಕ್ಕ ಬೇಗ ಕಲಿತಳು. ಕಲ್ಲು ಚಿಮ್ಮಿ ಹಿಡಿಯುವ ಕಲ್ಲಾಟದಲ್ಲಿ ಅವಳನ್ನು ಗೆದ್ದವರಿರಲಿಲ್ಲ, ಅಂಥ ಬೆರಳು ಅವಳದು. ಈಗ ಅವಳಿಗೆ ಆಟಕ್ಕೆ ಬಿಡುವಿಲ್ಲ. ನಾನು ಪಕ್ಕದಲ್ಲಿ ಕಡಲೆಕಾಯಿ ಸುಲಿದು ಅವಳ ಬಾಯಿಗೆ ಹಾಕುತ್ತಿದ್ದೆ. ಅಪ್ಪ ಪಾಠ ಹೇಳುವಷ್ಟೇ ನಿಧಾನವಾಗಿ ಇಂಗ್ಲಿಷ್ ಓದಿ ಹೇಳುತ್ತಿದ್ದರು. ಆಗಾಗ ಎರಡು ಕಡ್ಡಿ ಒಟ್ಟಿಗೆ ಎದ್ದು ಕಚ್ಚಿಕೊಳ್ಳುತ್ತಿದ್ದವು. 'ಎಸ್', 'ಐ' ಒಂದರ ಬೆನ್ನಿಗೊಂದು ಒತ್ತಿದರಂತೂ ತಪ್ಪುತ್ತಲೇ ಇರಲಿಲ್ಲ. ಅಕ್ಕ ಬೆರಳಲ್ಲಿ ಬಿಡಿಸಿ ಮುಂದೆ ಹೋಗುತ್ತಿದ್ದಳು.

"ಹಳೇ ಮಿಷನ್ನು, ಸವೆದೈತೆ," ಎನ್ನುತ್ತಿದ್ದರು ಅಪ್ಪ.

ಪರೀಕ್ಷೆಯ ದಿನ ಮಿಷನ್ನನ್ನೂ ಬಸ್ಸಿಗೆ ಹೇರಿಕೊಂಡು ಅಪ್ಪ, ಅಕ್ಕ, ನಾನು ಮೂವರೂ ಮಧುಗಿರಿಗೆ ಹೋದೆವು. ಅಕ್ಕ ಅಮ್ಮನ ನೀಲಿ ಸೀರೆ ಉಟ್ಟಿದ್ದಳು. ಪರೀಕ್ಷೆ ಮಾಡುವ ಹೆಡ್ ಕ್ಲಾರ್ಕು ವಯಸ್ಸಾದವರು, ಒಳ್ಳೆಯವರೇ. ಅಕ್ಕ ತನ್ನದೇ ಮಿಷನ್ನಿನಲ್ಲಿ ಬರೆಯುತ್ತೇನೆಂದಾಗ "ಆಗಲಮ್ಮ" ಎಂದರು. ಗಡಿಯಾರ ಮುಂದಿಟ್ಟುಕೊಂಡು ಒಂದು ಅರ್ಜಿ ಓದತೊಡಗಿದರು.

ಅರ್ಜಿಯ ಮೊದಲ ಮಾತೇ 'ಸರ್', ಎಸ್ ಐ ಆರ್. ಎಸ್ಸೂ ಐಯೂ ಕಚ್ಚಿಕೊಂಡವು. ಅಕ್ಕ ಬಿಡಿಸಿದಳು. ಮುಂದೆ 'ದಿಸ್ ಈಸ್' ಬಂತು. ಮತ್ತೆ ಕಚ್ಚಿಕೊಂಡವು, ಮತ್ತೆ ಬಿಡಿಸಿದಳು. ಅವರು ಓದುತ್ತಾ ಓದುತ್ತಾ ಅರ್ಜಿಯಲ್ಲಿ ಬಹಳ ಮುಂದೆ ಹೋಗಿಬಿಟ್ಟರು. ಅವಳ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು.

ಹೆಡ್ ಕ್ಲಾರ್ಕು ಎದ್ದು ಬಂದು ಬಗ್ಗಿ ನೋಡಿದರು. "ಇದ್ಯಾರು ಹೀಗೆ ಮಾಡಿದ್ದು?"

"ನಾನೇ ಸರಿ ಮಾಡ್ಸಿದ್ದು ಸ್ವಾಮಿ," ಎಂದರು ಅಪ್ಪ, ಎದೆ ಸೆಟೆದು.

ಪಕ್ಕದ ಕೋಣೆಯ ಗುಮಾಸ್ತರೂ ಬಂದು ನೋಡಿದರು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ. ಇನ್ನೊಬ್ಬ ಹಿಡಿಯಲೂ ಇಲ್ಲ.

ಹೆಡ್ ಕ್ಲಾರ್ಕು ಮಾತ್ರ ನಗಲಿಲ್ಲ. "ಮೇಷ್ಟ್ರೇ, ಜೊತೆಜೊತೆಗೆ ಬರೋ ಅಕ್ಷರಗಳ ಕಡ್ಡಿ ಪಕ್ಕಪಕ್ಕದಲ್ಲಿದ್ರೆ ಮೇಲೇಳುವಾಗ ಒಂದಕ್ಕೊಂದು ತಗುಲಿಕೊಳ್ತವೆ. ಅದಕ್ಕೇ ಅವನ್ನ ದೂರ ದೂರ ಚದುರಿಸಿದ್ದಾರೆ ಅಂತ ನಮಗೆ ಕಲಿಸಿದ್ರು. ಎ ಬಿ ಸಿ ಡಿ ಬಾಯಿಪಾಠಕ್ಕೆ ಸರಿ, ಇದಕ್ಕಲ್ಲ," ಎಂದರು. ಆಮೇಲೆ ಅಕ್ಕನನ್ನು ಕಚೇರಿಯ ಮಿಷನ್ನಿನ ಮುಂದೆ ಕೂರಿಸಿದರು. ಅವಳ ಬೆರಳು ಹೋದಲ್ಲೆಲ್ಲ ಬೇರೆಯೇ ಅಕ್ಷರ. ಕಾಗದದ ಮೇಲೆ ಬಿದ್ದದ್ದು ಯಾವ ಭಾಷೆಯೂ ಅಲ್ಲ. "ಬೆರಳು ಚೆನ್ನಾಗಿದೆಯಮ್ಮ. ಇಂಥ ಮಿಷನ್ನಲ್ಲಿ ಕಲಿತು ಮುಂದಿನ ಸಲ ಬಾ," ಎಂದು ಕಳಿಸಿದರು.

ಬಸ್ಸಿನಲ್ಲಿ ಅಪ್ಪ ಮಿಷನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅರ್ಧ ದಾರಿ ಕಳೆದ ಮೇಲೆ, "ಆತುರ ಬಿದ್ದೆ ಕಣಮ್ಮ ನೀನು. ನಿಧಾನಕ್ಕೆ ಒತ್ತಿದ್ರೆ ಎಲ್ಲಾ ಸರಿಯಾಗೋದು," ಎಂದರು.

ಅಕ್ಕ ಕಿಟಕಿಯಾಚೆ ನೋಡುತ್ತಾ, "ಆಚಾರಿ ತಾವ ಮೊದ್ಲಿನಂಗೆ ಮಾಡುಸ್ಕೊಡಪ್ಪಾ. ಮತ್ತೆ ಕಲಿತೀನಿ. ಅವ್ರೇ ಬಾ ಅಂದವ್ರಲ್ಲ," ಎಂದಳು.

"ಸರಿ ಇರಾದ್ನ ಕೆಡುಸ್ಲಾ? ಆ ಗುಮಾಸ್ತರು ನಕ್ರು ಅಂತ?"

ಅವಳು ಮನೆಯಲ್ಲೂ ಕೇಳಿದಳು. ಕಾಲು ಹಿಡಿದು ಕೇಳಿದಳು. ವೀರಾಚಾರಿ ತಾವಾಗಿ ಬಂದು, "ಒಂದ್ ವಾರದ ಕೆಲ್ಸ ಮೇಷ್ಟ್ರೇ, ಕೊಡಿ," ಎಂದರೂ ಅಪ್ಪ ಜಗ್ಗಲಿಲ್ಲ. ತಮ್ಮ ಮಗಳ ಮೇಲೆ ಅವರಿಗೆ ಪ್ರೀತಿಯಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಹುಡುಗರ ಸ್ಲೇಟು ತಿದ್ದಿ ತಿದ್ದಿ ಅವರಿಗೆ ತಮ್ಮದನ್ನು ತಿದ್ದಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿತ್ತು. ಗುಮಾಸ್ತರ ನಗು ಮಗಳ ಬಾಳಿಗಿಂತ ದೊಡ್ಡದಾಯಿತು.

ಮಾವ ಯುಗಾದಿಗೆ ಮುಂಚೆ ಬಂದ. ಈ ಸಲ ಅಪ್ಪ ಬೇಡವೆನ್ನಲಿಲ್ಲ. "ಏಮಮ್ಮಾ, ಒಪ್ಪಿಗೇನಾ?" ಎಂದು ಮಾವ ತೆಲುಗು ಬೆರೆಸಿ ಅಕ್ಕನನ್ನೇ ಕೇಳಿದ. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು ಶಾಲೆಗೆ ಹೊರಟರು. ಅಂದು ಶಾಲೆಗೆ ರಜೆಯಿತ್ತು.

ಮಿಡಿಗೇಶಿ ಈಗಲೂ ಇದೆ, ಅದರ ಬೆಟ್ಟದ ಮೇಲಿನ ಕೋಟೆಯೂ ಇದೆ. ಅಪ್ಪನಿಗೆ ಬಯ್ಯೋಣವೆಂದರೆ ಅವರು ಹೋಗಿಯೇ ಬಹಳ ಕಾಲವಾಯಿತು. 'ತಪ್ಪಾಯ್ತು ಕಣಮ್ಮ' ಎಂಬ ಒಂದು ಮಾತನ್ನು ಅವರು ಅಕ್ಕನಿಗೆ ಕೊನೆಗೂ ಹೇಳಲಿಲ್ಲ. ನಾನು ದೊಡ್ಡವಳಾದ ಮೇಲೆ ಮಾವನ ಮನೆಗೆ ಹೋದಾಗಲೆಲ್ಲ ಗಂಗಕ್ಕ ಚಾಪೆ ಹಾಸಿ, ನೀರು ಕೊಟ್ಟು, "ಪ್ರಯಾಣ ಸುಖವಾಯ್ತಾ? ಮನೇಲೆಲ್ಲಾ ಚೆನ್ನಾಗವ್ರಾ?" ಎಂದು ಹೊರಗಿನವರನ್ನು ಕೇಳುವ ಹಾಗೆ ಕೇಳುತ್ತಿದ್ದಳು. ಅದರಾಚೆಗೆ ಒಂದು ಮಾತೂ ಹೊರಡುತ್ತಿರಲಿಲ್ಲ. ಆ ಯುಗಾದಿಯಿಂದೀಚೆಗೆ ಪಾವಗಡದ ಕಡೆ ನನಗೊಂದು ನೆಂಟರ ಮನೆಯಿತ್ತು. ಅಕ್ಕ ಇರಲಿಲ್ಲ.