ತಂಗಿಯ ಪೋರ್ಚುಗೀಸ್ ವಾರಗಳು

ಮೈಂದರ್ಗಿಯ ಕನ್ನಡ ಶಾಲೆಯಲ್ಲಿ ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಅಂಥವನ ಮುಂದೆ ತಂಗಿ ಪೋರ್ಚುಗೀಸ್ ಪಾಠ ಒಪ್ಪಿಸಲು ಕೂತಳು. ಅವಳ ಗಂಡ ಪೋರ್ಚುಗಲ್‌ನಲ್ಲಿ ಹಣ್ಣಿನ ತೋಟದ ಕೆಲಸಕ್ಕಿದ್ದಾನೆ. ಇವಳೂ ಹೊರಟಿದ್ದಳು. ಮೊದಲು ವಾರಗಳ ಹೆಸರು ಕಲಿ ಎಂದು ಅವನು ಏಳನ್ನೂ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದ. ಕೆಳಗೆ ಮರಾಠಿಯಲ್ಲಿ ಅರ್ಥ ಬರೆದಿದ್ದ. ಓದು ಬಾರದ ಅವಳು ಕೇಳಿಯೇ ಬಾಯಿಪಾಠ ಮಾಡಿದಳು. ಬರೆದದ್ದನ್ನು ನೋಡಿ ತಿದ್ದುವುದು ನನ್ನ ಪಾಲಿಗೆ ಬಂತು.

ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ದಿನವಿಡೀ ಟವೆಲ್ ಗಂಟು ಹೊತ್ತು ಸೋಲಾಪುರದ ಮನೆಗೆ ಬರುವಷ್ಟರಲ್ಲಿ ನನ್ನ ಸೊಂಟ ಹಿಡಿದಿರುತ್ತಿತ್ತು.

"ಅಣ್ಣಾ, ಮೊಬೈಲ್ ಹಿಡಿ. ತಪ್ಪಿದ್ರ ಹೇಳು."

"ಹೇಳವ್ವ, ಕೇಳಾಕತ್ತೀನಿ."

"ಕಣ್ಣು ಮುಚ್ಚಿ ಕೇಳ್ತಿಯೇನು?"

"ಕಿವಿ ತೆರದಾವಲ್ಲ."

"ದೊಮಿಂಗು ಸೋಮವಾರ. ಸೆಗುಂದಾ ಮಂಗಳವಾರ. ತೆರ್ಸಾ ಬುಧವಾರ. ಕ್ವಾರ್ತಾ ಗುರುವಾರ. ನನ್ನ ಉಪಾಸದ ದಿನ, ಅದು ಮರಿಯಂಗಿಲ್ಲ."

"ಬರೋಬರ್" ಎಂದೆ.

ದೊಮಿಂಗು ಅಂದರೆ ರವಿವಾರ. ಪೋರ್ಚುಗಲ್‌ನವರು ವಾರವನ್ನು ಅಲ್ಲಿಂದ ಎಣಿಸುತ್ತಾರೆ. ನಮಗೆ ರವಿವಾರ ಸೂಟಿ, ವಾರ ಶುರುವಾಗುವುದು ಸೋಮವಾರ. ಮೊದಲ ಹೆಸರನ್ನು ಅವಳು ಸೋಮವಾರಕ್ಕೆ ಹಚ್ಚಿದಳು, ಏಳೂ ಒಂದೊಂದು ದಿನ ಮುಂದೆ ಸರಿದವು. ಮರಾಠಿ ಓದುವುದು ನನಗೆ ನಿಧಾನ, ಆದರೆ ರವಿವಾರ ಎಂಬುದನ್ನು ಓದಲಾರದಷ್ಟಲ್ಲ. ನಾನು ನೋಡಲೇ ಇಲ್ಲ. ಬೇಗ ಮಲಗಲು ಬಿಡಲಿ ಎಂದು ದಿನಾ ಬರೋಬರ್ ಎಂದೆ.

ಅಲ್ಲಿಗೆ ಹೋದ ಮೊದಲ ವಾರವೇ ಒಂದು ಹೋಟೆಲಿನವರು ಅಡಿಗೆಮನೆಯ ಕೆಲಸಕ್ಕೆ ಕ್ವಾರ್ತಾ ದಿನ ಬಾ ಎಂದರು. ತನ್ನ ಗುರು ಅಕ್ಕಲಕೋಟೆಯ ಮಹಾರಾಜರನ್ನು ನೆನೆದು, ಉಪವಾಸದಲ್ಲೇ, ಅವಳು ಗುರುವಾರ ಹೋದಳು. ಅವರು ಬುಧವಾರ ಕಾದು ಬೇರೊಬ್ಬಳನ್ನು ಇಟ್ಟುಕೊಂಡಿದ್ದರು.

"ನಿನ್ನ ಮುಂದ ಬರೋಬರ್ ಹೇಳಿದ್ದೆ ಅಣ್ಣಾ. ಇಲ್ಲಿ ಬಂದು ಎಲ್ಲಾ ಹಿಂದಮುಂದ ಮಾಡ್ಕೊಂಡೆ. ನನ್ನ ತಲೀನ ಮಂದ" ಎಂದು ಫೋನಿನಲ್ಲಿ ಅತ್ತಳು.

"ಇರ್ಲಿ ಬಿಡವ್ವ, ಬ್ಯಾರೆ ಕೆಲಸ ಸಿಗ್ತದ" ಎಂದೆ. ಅಷ್ಟೇ ಅಂದೆ.

ಈಗ ಅವಳು ಎಲ್ಲಿಯೂ ಕೆಲಸ ಕೇಳಲು ಹೋಗುವುದಿಲ್ಲವಂತೆ. ಭಾಷೆ ತನಗೆ ಹತ್ತುವುದಿಲ್ಲ ಎಂದು ಬಾಗಿಲು ಹಾಕಿಕೊಂಡು ಕೂರುತ್ತಾಳೆ ಎಂದು ಅವಳ ಗಂಡ ಹೇಳಿದ. ತಪ್ಪು ಅವಳ ತಲೆಯದಲ್ಲ ಎನ್ನಲು ಒಂದು ಫೋನ್ ಸಾಕು. ಹಚ್ಚುತ್ತೇನೆ. ಊಟ ಆಯಿತೇನವ್ವ ಎಂದು ಕೇಳಿ ಇಟ್ಟುಬಿಡುತ್ತೇನೆ.